ಬಿಂಬಿಸಾರನ ಜಾಗ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕೋಲು ಬಿದಿರಿನದೋ ಬೆತ್ತದ್ದೋ ಈಗ ಹೇಳಲಾರೆ. ಸರ್ ಅಂಗಿಯ ತೋಳು ಮಡಚುತ್ತಿದ್ದದ್ದು ಹೊಡೆಯುವ ಮೊದಲೋ, ಹೊಡೆದ ಮೇಲೋ ಎಂಬುದರಲ್ಲೂ ಅನುಮಾನವಿದೆ. ದಿನಚರಿ ಬರೆಯುವ ಚಟ ನನಗೆ ಆಗಲೂ ಇತ್ತು. ಆದರೆ ಆ ದಿನದ ಪುಟದಲ್ಲಿರುವುದು ‘ಹರ್ಯಂಕ ವಂಶ ಮುಗಿಯಿತು, ನಾಳೆ ಶಿಶುನಾಗರು’ ಎಂಬ ಒಂದೇ ಸಾಲು. ಉಳಿದದ್ದನ್ನೆಲ್ಲ ತಲೆಯಲ್ಲೇ ಹೊತ್ತುಕೊಂಡು ಬಂದಿದ್ದೇನೆ. ದಾರಿಯಲ್ಲಿ ಅದು ಎಷ್ಟು ಸವೆಯಿತೋ, ಎಷ್ಟು ಬೆಳೆಯಿತೋ.

ಈ ಶ್ರಾವಣದಲ್ಲಿ ಸರ್ ತೀರಿಕೊಂಡರು. ಕೇಳಿದ ಕೂಡಲೇ ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ಅವರು ನನ್ನನ್ನು ಒಮ್ಮೆಯೂ ಹೊಡೆದಿರಲಿಲ್ಲ. ಹೆಣ್ಣುಮಕ್ಕಳಿಗೆ ಅವರು ಕೈ ಹಚ್ಚುತ್ತಿರಲಿಲ್ಲ, ನಾವು ಕೂತ ಬೆಂಚನ್ನು ಒದೆಯುತ್ತಿದ್ದರು. ತರಗತಿಯ ಮಟ್ಟಿಗೆ ಈ ಮಾತು ಖರೆ.

ಧಾರವಾಡದ ಸಪ್ತಾಪುರದಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲೆ ಅವರ ತರಗತಿ ನಡೆಯುತ್ತಿತ್ತು. ಆ ಓಣಿಯ ತುಂಬ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೇ. ಎಲ್ಲರ ಕೈಯಲ್ಲೂ ಒಂದೇ ಬಗೆಯ ಪುಸ್ತಕ, ಎಲ್ಲರ ಕಣ್ಣಿನ ಕೆಳಗೂ ಒಂದೇ ಬಗೆಯ ಕಪ್ಪು. ಉಳಿದ ಕಡೆ ಎಲ್ಲ ವಿಷಯ ಕಲಿಸುತ್ತಿದ್ದರು. ಸರ್ ಪ್ರಾಚೀನ ಭಾರತದ ಇತಿಹಾಸ ಒಂದನ್ನೇ ಕಲಿಸುತ್ತಿದ್ದರು. ‘ಪ್ರಾಚೀನ ಅಂದ್ರ ಅಂಕಾ ಕೊಡೋ ಆಕಳಾ. ಆದ್ರ ಹಿಂದಿಂದ ಹೋದ್ರ ಒದೀತದ’ ಎನ್ನುತ್ತಿದ್ದರು. ತಾವೇ ಮೌಖಿಕ ಸಂದರ್ಶನದವರೆಗೆ ಹೋಗಿ ಬರಿಗೈಯಲ್ಲಿ ಬಂದವರು. ಆ ಸಂದರ್ಶನದಲ್ಲಿ ಏನಾಯಿತೆಂದು ಒಬ್ಬ ಕೇಳಿದ್ದಕ್ಕೆ ಡಸ್ಟರ್ ಬೀಸಿ ಒಗೆದರು. ಅದು ಅವನ ಕಿವಿಯ ಪಕ್ಕದ ಗೋಡೆಗೆ ಬಡಿದು, ಸುಣ್ಣದ ಚಕ್ಕೆ ಎದ್ದು, ಅವನ ಹೆಗಲ ಮೇಲೆ ಉದುರಿತು. ‘ಉತ್ತರ ಸಿಕ್ತೇನು?’ ಎಂದು ಕೇಳಿ ಪಾಠ ಮುಂದುವರಿಸಿದರು.

ನನ್ನನ್ನೂ ಅಣ್ಣನನ್ನೂ ಅಲ್ಲಿಗೆ ಸೇರಿಸಲು ಅಪ್ಪ ಉಪ್ಪಿನಬೆಟಗೇರಿಯಿಂದ ಬಂದಿದ್ದರು. ಅಪ್ಪನದು ಕಾಳಿನ ವ್ಯಾಪಾರ. ಮಾತಿನಲ್ಲೂ ತೂಕ ಹಾಕುವ ಮನುಷ್ಯ. ಸರ್ ಎದುರು ನಿಂತು, ಅಣ್ಣನ ಹೆಗಲ ಮೇಲೆ ಕೈಯಿಟ್ಟು, ನಮ್ಮ ಕಡೆ ಮಕ್ಕಳನ್ನು ಶಾಲೆಗೆ ಹಾಕುವಾಗ ಹೇಳುವ ಹಳೆಯ ಮಾತನ್ನೇ ಹೇಳಿದರು: ‘ಸರ್ರ, ತೊಗಲು ನಿಮ್ಮದು, ಎಲಬು ನಮ್ಮವು. ಬಿಡಬ್ಯಾಡ್ರಿ.’

ಅಣ್ಣ ಆಗ ಮೀಸೆ ಬಂದು ಎಷ್ಟೋ ವರ್ಷವಾದ ಗಂಡಸು, ಎಂ.ಎ. ಮುಗಿಸಿದವನು. ಸರ್ ಅವನನ್ನು ಮೇಲಿಂದ ಕೆಳಗೆ ನೋಡಿ, ‘ತೊಗಲು ಛಲೋ ದಪ್ಪ ಐತಿ’ ಎಂದರು. ನನ್ನ ಕಡೆ ತಿರುಗಿ ‘ಈಕೀದು?’ ಎಂದು ಕೇಳಿದರು.

‘ಆಕೀವು ಎರಡೂ ನಮ್ಮವ ಇರ್ಲಿ ಬಿಡ್ರಿ’ ಎಂದರು ಅಪ್ಪ. ಮೂವರೂ ನಕ್ಕೆವು. ಅಣ್ಣ ನಗಲಿಲ್ಲ.

ಸರ್ ಪಾಠದಲ್ಲಿ ರಾಜರು ಕೆರೆ ಕಟ್ಟಿಸುತ್ತಿದ್ದದ್ದು, ನಾಣ್ಯ ಹೊಡೆಸುತ್ತಿದ್ದದ್ದು ಬೇಗ ಮುಗಿದುಹೋಗುತ್ತಿತ್ತು. ‘ಸುವರ್ಣಯುಗ’ ಎಂದು ಬರೆದವನಿಗೆ ಕಪಾಳಕ್ಕೆ ಬೀಳುತ್ತಿತ್ತು. ಅಜಾತಶತ್ರು ವೈಶಾಲಿಯ ಮೇಲೆ ಹೋದಾಗ ಬಳಸಿದ ರಥಮುಸಲ, ಅಂದರೆ ಒನಕೆ ಕಟ್ಟಿದ ರಥ, ನಮಗೆ ಮರೆಯಬಾರದೆಂದು ಒಂದು ಬೆಂಚಿನ ತುದಿಗೆ ಕಬ್ಬಿಣದ ಸರಳು ಕಟ್ಟಿ ಮುಂದಿನ ಸಾಲಿನ ಮೇಲೆ ನೂಕಿಕೊಂಡು ಬಂದಿದ್ದರು. ಶಿರಗುಪ್ಪಿಯ ಗೆಳೆಯನೊಬ್ಬನ ಮೊಣಕಾಲ ಕೆಳಗೆ ಚರ್ಮ ಸೀಳಿ ರಕ್ತ ಬೂಟಿನೊಳಗೆ ಇಳಿಯಿತು. ‘ಈಗ ಮರೀ ನೋಡೋಣು’ ಎಂದರು ಸರ್. ಆ ವರ್ಷ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಬಂತೆಂದೇ ನನ್ನ ನೆನಪು. ಅಥವಾ ಬಂದಿದ್ದರೆ ಆ ರಕ್ತಕ್ಕೊಂದು ಅರ್ಥವಿರುತ್ತಿತ್ತು ಎಂದು ನಾವೆಲ್ಲ ಸೇರಿ ಆ ಪ್ರಶ್ನೆಯನ್ನು ನೆನಪಿನಲ್ಲಿ ಬರಿಸಿಕೊಂಡೆವೋ.

ಅಶೋಕನ ಹದಿಮೂರನೆಯ ಶಾಸನದ ದಿನ ಮಾತ್ರ ಅವರು ಕೈ ಎತ್ತಲಿಲ್ಲ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರೆಂದು ಅಶೋಕ ತಾನೇ ಕೆತ್ತಿಸಿದ್ದನ್ನು ನಿಧಾನವಾಗಿ ಓದಿ ಹೇಳಿದರು. ಆಮೇಲೆ ಕಿಟಕಿಯ ಕಡೆ ಮುಖಮಾಡಿ, ‘ನಾ ತಪ್ಪ ಮಾಡೀನಿ ಅಂತ ದೂರದ ಊರಾಗೆಲ್ಲ ಕೆತ್ತಿಸಿದ. ಕಳಿಂಗದಾಗ ಮಾತ್ರ ಆ ಶಾಸನಾ ಇಲ್ಲ. ಹೊಡಿಸ್ಕೊಂಡಾವರ ಮುಂದ ನಿಂತು ಹೇಳೋದು ಭಾಳ ಕಠಿಣ’ ಎಂದರು. ಯಾರೋ ‘ಇದು ಇಂಪಾರ್ಟೆಂಟ್ ಏನ್ರಿ ಸರ್?’ ಎಂದು ಕೇಳಿದರು. ‘ಅಲ್ಲ’ ಎಂದರು.

ಅವರ ಪಾಠದಲ್ಲಿ ಎಲ್ಲರೂ ಕಾಯುತ್ತಿದ್ದದ್ದು, ಎಲ್ಲರೂ ಅಂಜುತ್ತಿದ್ದದ್ದು ‘ವಂಶ ನಿಲ್ಲಿಸೋದಕ್ಕೆ’. ಒಂದು ರಾಜವಂಶದ ಹೆಸರುಗಳನ್ನು ಕ್ರಮವಾಗಿ ನೆನಪಿಡಲು ಸರ್ ಕಂಡುಕೊಂಡ ದಾರಿ ಅದು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬರೂ ಒಬ್ಬ ರಾಜ. ಹಿಂದಿನವನು ಮುಂದಿನವನ ಬೆನ್ನಿಗೆ ಅಂಗೈಯಿಂದ ಹೊಡೆದು ತನ್ನ ಹೆಸರು ಹೇಳಬೇಕು. ಹೊಡೆಸಿಕೊಂಡವನು ಬೆಂಚಿಗೆ ಹೋಗಿ ಕೂರಬೇಕು. ಮಗಧದ ಹರ್ಯಂಕ ವಂಶಕ್ಕೆ ಇದು ಹೇಳಿಮಾಡಿಸಿದಂತಿತ್ತು. ಬೌದ್ಧರ ಕಥೆಯ ಪ್ರಕಾರ ಬಿಂಬಿಸಾರನನ್ನು ಮಗ ಅಜಾತಶತ್ರು ಕೊಂದ, ಅವನನ್ನು ಅವನ ಮಗ ಉದಯಿನ ಕೊಂದ, ಹೀಗೆ ಮಕ್ಕಳೆಲ್ಲ ತಂದೆಯರನ್ನು ಕೊಲ್ಲುತ್ತಲೇ ಹೋದರು, ಕೊನೆಗೆ ಜನ ರೊಚ್ಚಿಗೆದ್ದು ಆ ವಂಶವನ್ನೇ ಓಡಿಸಿದರು. ‘ತಲಿಯಾಗ ಹೋಗಲಿಲ್ಲಂದ್ರ ಬೆನ್ನಾಗ ಹೋಗ್ತೈತಿ’ ಎಂಬುದು ಸರ್ ಸಿದ್ಧಾಂತ. ನಿಜ ಹೇಳಬೇಕೆಂದರೆ, ಹೋಗುತ್ತಿತ್ತು. ಆ ಕ್ರಮ ನನಗೆ ಇವತ್ತಿಗೂ ತಪ್ಪಿಲ್ಲ. ನಾನೀಗ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಆ ವಂಶದ ಪಾಠ ಬಂದಾಗ ಬೋರ್ಡಿನ ಕಡೆ ತಿರುಗಿದರೆ ಬೆನ್ನು ಬಿಗಿಯಾಗುತ್ತದೆ.

ಆ ವಂಶದಲ್ಲಿ ಅಣ್ಣ ಯಾವಾಗಲೂ ಅಜಾತಶತ್ರು, ನಾನು ಉದಯಿನ. ಸರ್ ನನ್ನನ್ನು ಕೊನೆಯವರೆಗೂ ಉದಯಿನ ಎಂದೇ ಕರೆದರು.

ದಿನಚರಿಯಲ್ಲಿ ಒಂದೇ ಸಾಲಿರುವ ಆ ದಿನದ ಹಿಂದಿನ ದಿನ ಏನಾಯಿತೆಂದು ಮೊದಲು ಹೇಳಬೇಕು. ಅಣ್ಣ ಪೂರ್ವಭಾವಿ ಪರೀಕ್ಷೆ ದಾಟಿದ್ದ, ಮುಖ್ಯ ಪರೀಕ್ಷೆ ಹತ್ತಿರ ಬಂದಿತ್ತು. ಅಭ್ಯಾಸಕ್ಕೆ ಬರೆದ ಉತ್ತರದಲ್ಲಿ ಅವನು ‘ಅಜಾತಶತ್ರು ತನ್ನ ತಂದೆಯನ್ನು ಕೊಂದನು’ ಎಂದಷ್ಟೇ ಬರೆದಿದ್ದ. ಸರ್ ಹಾಳೆಯನ್ನು ಅವನ ಮುಖಕ್ಕೆ ಹಿಡಿದರು.

‘ನೀ ನೋಡಿದ್ಯೇನು?’

‘ಇಲ್ರಿ ಸರ್.’

‘ಮತ್ತ ಯಾರ್ ಹೇಳಿದ್ರು?’

‘ಪುಸ್ತಕದಾಗ ಐತ್ರಿ.’

ಆ ಏಟಿನ ಶಬ್ದಕ್ಕೆ ಕೆಳಗೆ ಝೆರಾಕ್ಸ್ ಅಂಗಡಿಯವರು ಯಂತ್ರ ನಿಲ್ಲಿಸಿದರು. ‘ಬೌದ್ಧರು ಹೇಳ್ತಾರ ಮಗಾ ಕೊಂದ ಅಂತ. ಜೈನರು ಏನ್ ಹೇಳ್ತಾರ? ಅಪ್ಪನ್ನ ಜೈಲಿಗೆ ಹಾಕಿದ ಮಗಗ ಪಶ್ಚಾತ್ತಾಪ ಆತು. ಬೇಡಿ ಕಡಿಯಾಕ ಕೊಡ್ಲಿ ಹಿಡಕೊಂಡು ಓಡಿ ಬಂದ. ಅಪ್ಪ ಅದನ್ನ ನೋಡಿ, ನನ್ನ ಕೊಲ್ಲಾಕ ಬಂದಾನ ಅಂತ ವಿಷಾ ತಗೊಂಡ. ಕೊಡ್ಲಿ ಅದೇ, ಕೈ ಅದೇ. ಯಾರ ಮಾತು ಅಂತ ಮೊದಲ ಬರಿ, ಆಮ್ಯಾಲೆ ಕೊಂದನೋ ಬಿಟ್ಟನೋ ಬರಿ.’ ಪ್ರತಿ ವಾಕ್ಯಕ್ಕೂ ಒಂದು ಏಟು ಬಿತ್ತು. ತೊಗಲು ಅವರದಾಗಿತ್ತಲ್ಲ.

ಅಂದು ಖಾನಾವಳಿಯಲ್ಲಿ ಅಣ್ಣನಿಗೆ ರೊಟ್ಟಿ ಅಗಿಯಲು ಆಗಲಿಲ್ಲ. ಸಾರಿನಲ್ಲಿ ನೆನೆಸಿ ನುಂಗಿದ. ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು. ‘ಅಪ್ಪಗ ಫೋನ್ ಮಾಡೋಣೇನು?’ ಎಂದು ಕೇಳಿದೆ. ‘ತೊಗಲು ಅಪ್ಪನ ಕೊಟ್ಟಾನಲ್ಲ’ ಎಂದ, ಅಷ್ಟೇ.

ಮರುದಿನ ವಂಶ ನಿಲ್ಲಿಸುವಾಗ ಬಿಂಬಿಸಾರ ಆಗಲು ಯಾರೂ ಎದ್ದು ಬರಲಿಲ್ಲ. ಆ ಜಾಗ ಯಾರಿಗೂ ಬೇಡ. ಮೊದಲನೆಯವನಿಗೆ ಏಟು ಬೀಳುತ್ತದೆ, ಹೊಡೆಯಲು ಅವನ ಮುಂದೆ ಯಾರೂ ಇರುವುದಿಲ್ಲ. ಅಣ್ಣನ ಕೆನ್ನೆ ನೋಡಿದ ಮೇಲೆ ಅವನ ಮುಂದೆ ನಿಲ್ಲಲು ಎಲ್ಲರೂ ಹಿಂಜರಿದರು. ‘ಸರ್ರ, ಬಿಂಬಿಸಾರ ರಜಾ ಹಾಕ್ಯಾನ್ರಿ’ ಎಂದ ಶಿರಗುಪ್ಪಿಯವನು. ನಗು ಎದ್ದಿತು. ಸರ್ ಕೂಡ ನಕ್ಕರು. ಆಮೇಲೆ ತಾವೇ ಬಂದು ಸಾಲಿನ ಮುಂದೆ ನಿಂತು, ನಮಗೆ ಬೆನ್ನು ಕೊಟ್ಟರು.

‘ನಾ ಬಿಂಬಿಸಾರ. ಹೊಡಿ.’

ಅಣ್ಣ ಅಂಗೈಯಿಂದ ಮೆಲ್ಲಗೆ ತಟ್ಟಿದ.

‘ಏನಲೇ, ಅಜಾತಶತ್ರು ಅಪ್ಪನ ಬೆನ್ನ ತಿಕ್ಕಾಕ ಬಂದನೇನು? ಎಣ್ಣಿ ತಂದೀಯೇನು ಜೋಡೀಲೆ?’

ಮತ್ತೆ ನಗು. ಅಣ್ಣ ಇನ್ನೊಮ್ಮೆ ಹೊಡೆದ, ಸ್ವಲ್ಪ ಜೋರಾಗಿ. ಸರ್ ತಿರುಗಿ ಅವನ ಅದೇ ಕೆನ್ನೆಗೆ ಬಾರಿಸಿದರು. ನಕಾಶೆ ತೋರಿಸುವ ಕೋಲನ್ನು ಮೇಜಿನಿಂದ ತೆಗೆದು ಅವನ ಕೈಗೆ ತುರುಕಿ, ಮತ್ತೆ ಬೆನ್ನು ತಿರುಗಿಸಿದರು. ‘ಗಂಡಸ ಇದ್ದರ ಹೊಡಿ. ಇಲ್ಲಾಂದ್ರ ಉಪ್ಪಿನಬೆಟಗೇರಿಗೆ ಹೋಗಿ ನಿಮ್ಮಪ್ಪನ ಕಾಳ ತೂಗು.’

ನಾನು ಉದಯಿನ, ಅಣ್ಣನ ಹಿಂದೆಯೇ ನಿಂತಿದ್ದೆ. ನನಗೆ ಕಂಡದ್ದು ಅಣ್ಣನ ಅಗಲವಾದ ಬೆನ್ನು, ಬೆವರಿಗೆ ಅಂಟಿದ ಅಂಗಿ. ಕೋಲು ಮೇಲೆ ಹೋಯಿತು. ಶಬ್ದ ಕೇಳಿತು. ಅದು ಬೆನ್ನಿನ ಮೇಲೆ ಬಿದ್ದ ಶಬ್ದವಾಗಿರಲಿಲ್ಲ. ಅಷ್ಟು ನನಗೆ ಖಾತ್ರಿ. ಸರ್ ಬಹುಶಃ ಏನೋ ಹೇಳಲು ಮುಖ ತಿರುಗಿಸಿದ್ದರು. ಬೆಂಚೊಂದು ಸರಿಯಿತು, ಅವರು ಬಿದ್ದರು. ಇಷ್ಟರವರೆಗೆ ಅಲ್ಲಿದ್ದ ಎಲ್ಲರೂ ಒಂದೇ ಮಾತು ಹೇಳುತ್ತಾರೆ.

ಆಮೇಲೆ ಕೋಲು ಅಣ್ಣನ ತಲೆಯ ಮೇಲೆ ಇನ್ನೊಮ್ಮೆ ಎದ್ದದ್ದನ್ನು ನಾನು ನೋಡಿದೆ. ಇನ್ನೊಂದು ಶಬ್ದ ಬಂತು. ಅದು ಏಟೋ, ಸರ್ ತಲೆ ಬೆಂಚಿನ ಅಂಚಿಗೆ ತಾಗಿದ್ದೋ, ಅಣ್ಣ ಕೋಲನ್ನು ಬೀಸಿ ಒಗೆದದ್ದೋ ನನಗೆ ಗೊತ್ತಿಲ್ಲ. ಶಿರಗುಪ್ಪಿಯವನನ್ನು ಕೇಳಿದರೆ ತಾನು ಆಗ ಕಣ್ಣು ಮುಚ್ಚಿದ್ದೆ ಎನ್ನುತ್ತಾನೆ. ಅಷ್ಟು ಜನರಲ್ಲಿ ಅಷ್ಟೂ ಜನ ಕಣ್ಣು ಮುಚ್ಚಿದ್ದರಂತೆ. ನಾನು ಬಗ್ಗಿ ನೋಡಿದಾಗ ಸರ್ ಎಡಗಿವಿಯಿಂದ ರಕ್ತ ಸುರಿದು ಅಂಗಿಯ ಕಾಲರು ಕೆಂಪಾಗಿತ್ತು. ಅಣ್ಣನ ಕೈಗಳು ಖಾಲಿ ಇದ್ದವು.

ಝೆರಾಕ್ಸ್ ಅಂಗಡಿಯವರು ಓಡಿ ಮೇಲೆ ಬಂದರು. ‘ಏನಾತ್ರಿ? ಯಾರ್ ಹೊಡದ್ರು? ಪೊಲೀಸರಿಗೆ ಫೋನ್ ಹಚ್ಚಲೇನು?’ ಸರ್ ಗೋಡೆಗೆ ಆತು ಕೂತು, ಡಸ್ಟರನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಸೀಮೆಸುಣ್ಣದ ಪುಡಿ ರಕ್ತದಲ್ಲಿ ಕಲೆತು ಗುಲಾಬಿಯಾಗಿತ್ತು. ಅವರು ನಮ್ಮೆಲ್ಲರನ್ನೂ ನೋಡಿ, ನೋಟ್ಸ್ ಹೇಳುವ ದನಿಯಲ್ಲೇ ಹೇಳಿದರು: ‘ಬರ್ಕೋರಿ. ಸರ್ ಪಾವಟಿಗಿ ಮ್ಯಾಲಿಂದ ಜಾರಿ ಬಿದ್ದರು.’

ನಂಬುತ್ತೀರೋ ಇಲ್ಲವೋ, ಕೆಲವರು ಪೆನ್ನು ತೆಗೆದರು. ‘ಬರ್ಕೋರಿ’ ಎಂದರೆ ಬರೆದುಕೊಳ್ಳುವುದು ನಮಗೆ ಅಷ್ಟು ರೂಢಿಯಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಿಗೂ ಅದನ್ನೇ ಹೇಳಿದೆವು, ಮೆಟ್ಟಿಲ ಮೇಲಿಂದ ಜಾರಿ ಬಿದ್ದರು ಎಂದು, ಪದ ಬಿಡದೆ. ಕೇಸು ಆಗಲಿಲ್ಲ. ಆಗಿದ್ದರೆ ಅಣ್ಣನ ನೌಕರಿಯ ದಾರಿ ಅಲ್ಲಿಗೇ ಮುಗಿಯುತ್ತಿತ್ತು. ಸರ್ ಎಡಗಿವಿ ಮತ್ತೆ ಕೇಳಲಿಲ್ಲ.

ಅಪ್ಪನಿಗೆ ಸುದ್ದಿ ಹೇಗೋ ಮುಟ್ಟಿತು. ಅಣ್ಣನನ್ನು ಏನೂ ಕೇಳಲಿಲ್ಲ. ನನಗೆ ಮಾತ್ರ, ‘ತೊಗಲಿಂದು ಮಾತ ಆಗಿತ್ತವಾ, ಕಿವೀದು ಆಗಿರಲಿಲ್ಲ’ ಎಂದರು. ಯಾರ ಪರವಾಗಿ ಹೇಳಿದರೋ ಇವತ್ತಿಗೂ ತಿಳಿದಿಲ್ಲ.

ಅಣ್ಣ ಪಾಸಾದ. ಅವನಿಗೆ ಪೊಲೀಸ್ ಇಲಾಖೆ ಸಿಕ್ಕಿತು. ಫೇಡೆಯ ಡಬ್ಬಿ ಹಿಡಿದು ಇಬ್ಬರೂ ಸರ್ ಮನೆಗೆ ಹೋದೆವು. ಅಣ್ಣ ಅವರ ಎಡಕ್ಕೆ ನಿಂತು ಏನೋ ಹೇಳಿದ. ಸರ್ ಫೇಡೆ ಬಾಯಿಗೆ ಹಾಕಿಕೊಂಡು, ‘ಆ ಕಡೆ ನಿಂತು ಏನ್ ಹೇಳಿದ್ರೂ ಕೇಳಂಗಿಲ್ಲೋ, ಈ ಕಡೆ ಬಾ’ ಎಂದರು. ಅಣ್ಣ ಬಲಕ್ಕೆ ಬಂದ. ಆದರೆ ಮೊದಲು ಹೇಳಿದ್ದನ್ನು ಮತ್ತೆ ಹೇಳಲಿಲ್ಲ, ‘ಹೊಂಡ್ತೀನ್ರಿ ಸರ್’ ಎಂದ. ಆ ಕಿವುಡು ಕಿವಿಗೆ ಅವನು ಹೇಳಿದ್ದು ಕ್ಷಮೆಯ ಮಾತೆಂದು ನಾನು ಬಹಳ ವರ್ಷ ನಂಬಿದ್ದೆ. ನನಗೂ ಕೇಳಿಸಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ ಸರ್ ಅವರನ್ನೇ ಕೇಳಿದೆ, ಬಿದ್ದ ಮೇಲೆ ಏನಾಯಿತೆಂದು. ‘ಬಿದ್ದಾಂವ ಏನ್ ನೋಡ್ತಾನ ಉದಯಿನಾ, ನೆಲದ ಫರ್ಶಿ ನೋಡ್ತಾನ’ ಎಂದರು. ಆ ಘಟನೆಯ ಮೇಲೆ ಅವರು ಹೊಡೆಯುವುದನ್ನು ಬಿಟ್ಟರೆಂದು ಬರೆಯಲು ನನಗೆ ಆಸೆ. ಬಿಡಲಿಲ್ಲ. ವಂಶ ನಿಲ್ಲಿಸುವುದನ್ನು ಬಿಟ್ಟರು, ಅಷ್ಟೇ. ಕೈ ಹಾಗೇ ಇತ್ತು.

ಈ ಸಲದ ಮಳೆಗಾಲಕ್ಕೆ ಮೊದಲು ಒಂದು ಬೆಳಿಗ್ಗೆ ಅವರ ಫೋನ್ ಬಂತು. ಕಿವಿ ಹೋದಂದಿನಿಂದ ಅವರು ಫೋನಿನಲ್ಲಿ ಕೂಗಿ ಮಾತಾಡುತ್ತಿದ್ದರು.

‘ಉದಯಿನಾ, ಪೇಪರ್ ನೋಡಿದ್ಯೇನು?’

ನೋಡಿದ್ದೆ. ಅಣ್ಣ ಅಧಿಕಾರಿಯಾಗಿರುವ ಊರಿನಲ್ಲಿ, ವಿಚಾರಣೆಗೆ ಕರೆತಂದಿದ್ದ ಯುವಕನೊಬ್ಬ ಠಾಣೆಯ ಮೆಟ್ಟಿಲಿನಿಂದ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ್ದ. ಹಾಗೆಂದು ಹೇಳಿದವನು ಅಣ್ಣ. ಅಂದು ಠಾಣೆಯಲ್ಲಿ ತಾನೇ ಇದ್ದೆನೆಂದೂ ಹೇಳಿದ್ದ.

‘ಮಂದಿ ಖರೇನೂ ಬೀಳ್ತಾರ್ರಿ ಸರ್’ ಎಂದೆ. ಅಣ್ಣನ ಪರವಾಗಿ ನನ್ನ ಬಾಯಿಗೆ ಬಂದದ್ದು ಅಷ್ಟೇ.

‘ಬೀಳ್ತಾರ, ಬೀಳ್ತಾರ. ಆದ್ರ ಆ ಪಾವಟಿಗಿ ನನಗ ಗುರ್ತ ಅದಾವ. ಅವನ್ನ ಕಟ್ಟಿದಾವ ನಾ’ ಎಂದರು. ‘ಕೇಳು ನಿಮ್ಮಣ್ಣಗ. ನಾ ಕೇಳಿದ್ರ ಹೇಳಂಗಿಲ್ಲ ಅಂವ. ನೀ ಕೇಳು.’ ನಾನು ಏನನ್ನು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟರು. ಅವರ ದನಿ ಕೇಳಿದ್ದು ಅದೇ ಕೊನೆ.

ಅಂತ್ಯಸಂಸ್ಕಾರದ ದಿನ ಅಣ್ಣ ಬರುವುದಿಲ್ಲವೆಂದುಕೊಂಡಿದ್ದೆ. ಬಂದ, ಸಾದಾ ಬಟ್ಟೆಯಲ್ಲಿ. ಸರ್ ಅವರನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಅಣ್ಣ ಕಾಲು ಮುಟ್ಟಿ, ಎದ್ದು, ಅವರ ಎಡಗಿವಿಯ ಪಕ್ಕದಲ್ಲಿ ಬಹಳ ಹೊತ್ತು ನಿಂತ. ಶಿರಗುಪ್ಪಿಯ ಗೆಳೆಯ ಪ್ಯಾಂಟನ್ನು ಸ್ವಲ್ಪ ಎತ್ತಿ ನನಗೆ ಹಳೆಯ ಗಾಯ ತೋರಿಸಿದ. ‘ವೈಶಾಲಿ ಇನ್ನೂ ಇಲ್ಲೇ ಐತಿ ನೋಡ್ರಿ’ ಎಂದು ನಗಲು ಹೋಗಿ ಅತ್ತ.

ಸರ್ ಹೆಂಡತಿಯನ್ನು ನಾವೆಲ್ಲ ಕಾಕೂ ಎನ್ನುತ್ತಿದ್ದೆವು. ತರಗತಿಗೆ ಎಂದೂ ಬಂದವರಲ್ಲ. ಒಳಕೋಣೆಯಲ್ಲಿ ಅವರ ಪಕ್ಕದಲ್ಲಿ ಕೂತು, ಸರ್ ಕಡೆಯ ಬಾರಿ ಫೋನಿನಲ್ಲಿ ಹೇಳಿದ್ದನ್ನು ಹೇಳಿದೆ. ಆ ಪಾವಟಿಗಿ ಕಟ್ಟಿದವನು ನಾನು ಎಂದರು, ಎಂದೆ.

ಕಾಕೂ ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ‘ಸುಳ್ಳ ಹೇಳ್ಯಾರ. ಕಟ್ಟಿದಾಕಿ ನಾನು’ ಎಂದರು. ಎಡಗೈಯ ಸೆರಗು ಸರಿಸಿದರು. ಮೊಣಕೈ ಎಲ್ಲಿ ಬಾಗಬೇಕೋ ಅಲ್ಲಿ ಬಾಗದೆ ಸ್ವಲ್ಪ ಕೆಳಗೆ ಬಾಗಿತ್ತು. ‘ದವಾಖಾನ್ಯಾಗ ಪ್ರತಿ ಸರ್ತಿ ನಾ ಹೇಳ್ತಿದ್ದೆ, ಪಾವಟಿಗಿ ಮ್ಯಾಲಿಂದ ಬಿದ್ದೇನ್ರಿ ಅಂತ. ಅವರು ಬಾಜೂಕ ನಿಂತು ಕೇಳಿ ಕೇಳಿ ಕಲ್ತ್ರು.’ ಆಮೇಲೆ ಹೊರಗಿನ ಅಂಗಳದ ಕಡೆ ಗದ್ದ ಎತ್ತಿ ತೋರಿಸಿ, ಮೆಲ್ಲಗೆ ಅಂದರು: ‘ಈ ಮನಿಗೆ ಪಾವಟಿಗಿನ ಇಲ್ಲವಾ ತಂಗಿ.’

ನಿಜವಾಗಿಯೂ ಇರಲಿಲ್ಲ. ಎಷ್ಟು ಸಲ ಆ ಮನೆಗೆ ಹೋಗಿದ್ದೆ. ಬೀದಿಯಿಂದ ಸೀದಾ ಒಳಗೆ ನಡೆದಿದ್ದೆ.

ಹುಬ್ಬಳ್ಳಿಗೆ ವಾಪಸಾಗುವಾಗ ಅಣ್ಣ ತನ್ನ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೊರಟ. ಸಣ್ಣ ಮಳೆ ಹಿಡಿದಿತ್ತು. ನವಲೂರು ದಾಟಿದೆವು. ಆ ಯುವಕ ಹೇಗಿದ್ದಾನೆ ಎಂದು ಕೇಳಿದೆ. ‘ಇನ್ನೂ ಕಣ್ಣ ತೆಗದಿಲ್ಲ’ ಎಂದ. ಅವನ ಅಪ್ಪ ಆಸ್ಪತ್ರೆಯ ಬಾಗಿಲಲ್ಲೇ ಕೂತಿರುತ್ತಾನಂತೆ. ಅಣ್ಣ ಅದನ್ನು ಯಾಕೆ ಹೇಳಿದನೋ.

ಠಾಣೆಯಲ್ಲಿ ಏನಾಯಿತೆಂದು ಕೇಳುವ ಹಕ್ಕು ನನಗಿಲ್ಲ, ಅಲ್ಲಿ ನಾನಿರಲಿಲ್ಲ. ಆ ಯುವಕ ಕಣ್ಣು ತೆರೆದರೆ ಅವನು ಹೇಳಬಹುದು, ಅಥವಾ ಅವನಿಗೂ ಫರ್ಶಿ ಮಾತ್ರ ನೆನಪಿರಬಹುದು. ಮಾಳಿಗೆಯ ಮೇಲೆ ಮಾತ್ರ ನಾನಿದ್ದೆ, ಅಣ್ಣನ ಬೆನ್ನ ಹಿಂದೆ, ಇಷ್ಟು ಹತ್ತಿರ. ಎತ್ತಿದ ಕೈ ಹೊಡೆಯಲು ಎತ್ತಿದ್ದೋ ಬಿಸಾಡಲು ಎತ್ತಿದ್ದೋ ಎಂಬುದು ಆ ಕೈಯ ಮಾಲಕನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅದೊಂದು ತಿಳಿದರೆ ಉಳಿದದ್ದನ್ನು ನಾನು ಕೇಳಬೇಕಾಗುವುದಿಲ್ಲ ಎಂದು ಆಗ ಅನ್ನಿಸಿತ್ತು. ಹಾಗಾಗಿ ಕೇಳಿದೆ. ಅಣ್ಣ ವೈಪರ್ ಜೋರು ಮಾಡಿದ. ನನ್ನ ಮನೆಯ ಮುಂದೆ ಕಾರು ನಿಲ್ಲಿಸಿ, ‘ಗಾಡಿ ಬಾಗಲಾ ಗಟ್ಟಿ ಹಾಕು, ಸರಿಯಾಗಿ ಕೂಡಂಗಿಲ್ಲ ಅದು’ ಎಂದಷ್ಟೇ ಹೇಳಿ ಹೋದ. ಶ್ರಾವಣ ಕಳೆಯಿತು. ಹಬ್ಬಕ್ಕೆ ಊರಿಗೆ ಬಂದಾಗ ಅಪ್ಪನ ಎದುರು ಕೂತು ಉಂಡ, ನನ್ನ ಕಡೆ ನೋಡಲಿಲ್ಲ. ನಾನು ಕೇಳಿದ್ದು ಇಷ್ಟೇ:

‘ಅಣ್ಣಾ, ಸರ್ ಬಿದ್ದ ಮ್ಯಾಲೆ ಆ ಕೋಲ ಮತ್ತ ಯಾಕ ಎತ್ತಿದಿ?’